ಮನೆ ಅಂಗಳಕ್ಕೆ ಯಾವ ಗುಲಾಬಿ?

ನಾನು ದುಡ್ಡು ಕೊಟ್ಟು ತಂದ ಮೊದಲ ಗುಲಾಬಿ ಗಿಡದಲ್ಲಿ ಕಿತ್ತಳೆ ಬಣ್ಣದ ಒಂದೇ ಒಂದು ಹೂವಿತ್ತು. ಅಂಗೈಯಗಲದ ಹೂ. ಹೆಸರೇನು ಅಂತ ಕೇಳಿದೆ. ‘ಹೈಬ್ರಿಡ್’ ಎಂದರು ನರ್ಸರಿಯವರು. ಬೆಂಗಳೂರಿನ ನಮ್ಮ ಮನೆ ಮುಂದೆ ನೆಟ್ಟೆ. ಇನ್ನೆರಡು ಸಲ ಹೂ ಬಂತು. ಜುಲೈ ಮಳೆಗೆ ಎಲೆಯೆಲ್ಲ ಹಳದಿಯಾಗಿ ಉದುರಿತು. ಆಮೇಲೆ ಬುಡದಿಂದ ತಿಳಿ ಹಸಿರು ಬಣ್ಣದ, ಮುಳ್ಳೇ ಇಲ್ಲದ, ಬಳ್ಳಿಯಂಥ ಒಂದು ಚಿಗುರು ಹೊರಟಿತು. ಗಿಡ ಬದುಕಿತಲ್ಲ ಅಂತ ಖುಷಿಯಿಂದ ಗೊಬ್ಬರ ಹಾಕಿದೆ. ಚಿಗುರು ಗೋಡೆ ದಾಟಿ ಬೆಳೆಯಿತು. ವರ್ಷ ಕಳೆದರೂ ಒಂದು ಮೊಗ್ಗು ಬರಲಿಲ್ಲ.

ಅದೇ ಸಮಯಕ್ಕೆ ಅಮ್ಮ ಊರಿನಿಂದ ಒಂದು ಕಡ್ಡಿ ತಂದು ಕಾಂಪೌಂಡಿನ ಮೂಲೆಯಲ್ಲಿ ಊರಿದ್ದರು. ಕಡು ಗುಲಾಬಿ ಬಣ್ಣದ ಮಾಮೂಲಿ ಹೂವಿನ ಗಿಡ ಅದು. ಎಸಳು ಸಡಿಲ, ಆದರೆ ಒಳ್ಳೇ ಪರಿಮಳ. ಇವತ್ತಿಗೂ ದೇವರಿಗೆ ಹೂ ಬೇಕೆಂದರೆ ನಾವು ಹೋಗುವುದು ಅದೇ ಮೂಲೆಗೆ.

ಎರಡೂ ಗುಲಾಬಿಯೇ. ಅದೇ ಮಣ್ಣು, ಅದೇ ನೀರು, ಆರೈಕೆ ಮಾಡಿದ ಕೈಯೂ ಅದೇ. ಒಂದು ಸತ್ತಿತು, ಒಂದು ಉಳಿಯಿತು. ಯಾಕೆ ಅಂತ ತಿಳಿದುಕೊಳ್ಳಲು ನನಗೆ ಕೆಲವು ವರ್ಷ ಬೇಕಾಯಿತು. ಗುಲಾಬಿ ಆರಿಸುವಾಗ ಹೂವಿನ ಬಣ್ಣ ಕೊನೆಗೆ ನೋಡಬೇಕಾದದ್ದು. ಆ ಗಿಡದ ಹಿರಿಯರು ಯಾವ ಊರಿನವರು, ನಮ್ಮ ಊರಿನ ಮಳೆ–ಬಿಸಿಲಿಗೆ ಅದರ ಎಲೆ ತಡೆಯುತ್ತದೆಯೇ ಎನ್ನುವುದನ್ನು ಮೊದಲು ನೋಡಬೇಕು.

ಗಿಡದ ಹಿರಿಯರು ಎಲ್ಲಿಯವರು

ಯುರೋಪು ಮತ್ತು ಪಶ್ಚಿಮ ಏಷ್ಯಾದ ಹಳೇ ಗುಲಾಬಿಗಳು ಚಳಿಗೆ ಒಗ್ಗಿದವು. ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತವೆ. ವಸಂತದಲ್ಲಿ ಎದ್ದು ಒಮ್ಮೆ ಮೈತುಂಬ ಹೂ ಬಿಡುತ್ತವೆ. ಅಲ್ಲಿಗೆ ಆ ವರ್ಷದ ಕತೆ ಮುಗಿಯಿತು. ಅತ್ತರಿಗೆ ಹೆಸರಾದ ಡಮಾಸ್ಕ್ ಗುಲಾಬಿ ಈ ಬಳಗದ್ದು. ಉತ್ತರ ಪ್ರದೇಶದ ಕನ್ನೌಜಿನ ಕಡೆ ಚಳಿ ಕಳೆದ ಮೇಲೆ, ಮಾರ್ಚ್–ಏಪ್ರಿಲ್ ಹೊತ್ತಿಗೆ, ಇದರ ಸುಗ್ಗಿ. ನಮ್ಮ ಬಯಲುಸೀಮೆಯಲ್ಲಿ ಅಂಥ ಚಳಿ ಎಲ್ಲಿದೆ? ಗಿಡಕ್ಕೆ ಮಲಗಲು ಹೊತ್ತೇ ಸಿಗುವುದಿಲ್ಲ. ಹಾಗಾಗಿ ಏಳುವುದೂ ಇಲ್ಲ.

ಚೀನಾದ ಗುಲಾಬಿಗಳದ್ದು ಬೇರೆ ಸ್ವಭಾವ. ಅವು ಬೆಚ್ಚನೆ ಸೀಮೆಯವು. ವರ್ಷವಿಡೀ ಎಲೆ ಇಟ್ಟುಕೊಂಡು, ಚಿಗುರಿದಾಗಲೆಲ್ಲ ಹೂ ಬಿಡುತ್ತವೆ. ಹದಿನೆಂಟನೇ ಶತಮಾನದ ಕೊನೆಗೆ ಇವು ಹಡಗಿನಲ್ಲಿ ಯುರೋಪಿಗೆ ಹೋದವು. ಕಲ್ಕತ್ತೆಯ ದಾರಿಯಾಗಿ ಹೋದದ್ದರಿಂದ ಫ್ರೆಂಚರು ಅವನ್ನು ‘ಬಂಗಾಳದ ಗುಲಾಬಿ’ ಎಂದೇ ಕರೆದರು. ಇವತ್ತು ಅಂಗಡಿಯಲ್ಲಿ ಸಿಗುವ, ಮತ್ತೆ ಮತ್ತೆ ಹೂ ಬಿಡುವ ಗುಲಾಬಿಗಳೆಲ್ಲ ಹೆಚ್ಚುಕಡಿಮೆ ಆ ಚೀನಾ ಗಿಡಗಳ ಋಣದಲ್ಲಿವೆ.

ಹಿಂದೂ ಮಹಾಸಾಗರದಲ್ಲಿ ರಿಯೂನಿಯನ್ ಅಂತ ಒಂದು ದ್ವೀಪವಿದೆ. ಹಿಂದೆ ಅದಕ್ಕೆ ಬೂರ್ಬೋನ್ ಎಂಬ ಹೆಸರಿತ್ತು. ಸುಮಾರು 200 ವರ್ಷದ ಹಿಂದೆ ಅಲ್ಲಿ ಚೀನಾದ ಗುಲಾಬಿಯೂ ಡಮಾಸ್ಕ್ ಬಳಗದ ಗುಲಾಬಿಯೂ ತಾವಾಗಿಯೇ ಬೆರೆತವು. ಹುಟ್ಟಿದ ಗಿಡಕ್ಕೆ ಡಮಾಸ್ಕಿನ ಪರಿಮಳವೂ ಬಂತು, ಚೀನಾದ ನಿಲ್ಲದ ಹೂವೂ ಬಂತು. ನಮ್ಮಲ್ಲಿ ‘ಎಡ್ವರ್ಡ್’ ಎಂದು ಕರೆಯುವ ಗುಲಾಬಿ ಈ ಬೂರ್ಬೋನ್ ಬಳಗದ್ದು. ಅಮ್ಮ ಊರಿದ್ದು ಅದೇ ಎಡ್ವರ್ಡಿನ ಕಡ್ಡಿ, ಅದು ಬೇರುಬಿಟ್ಟು ನಿಂತದ್ದು ಅದೃಷ್ಟದಿಂದಲ್ಲ. ಬೆಚ್ಚನೆ ದ್ವೀಪದಲ್ಲಿ ಹುಟ್ಟಿದ ಕುಲ ಅದು. ನಮ್ಮ ಸೆಕೆ ಅದಕ್ಕೆ ಹೊಸದಲ್ಲ.

‘ಪನ್ನೀರು ಗುಲಾಬಿ’ ಯಾವುದು ಅಂತ ತುಂಬ ಜನ ಕೇಳುತ್ತಾರೆ. ಅದು ಒಂದು ತಳಿಯ ಹೆಸರಲ್ಲ. ಬೇರೆ ಬೇರೆ ಊರಲ್ಲಿ ಬೇರೆ ಬೇರೆ ಗಿಡಕ್ಕೆ ಆ ಹೆಸರಿದೆ. ಡಮಾಸ್ಕ್ ಥರದ ಸಿಹಿ ಪರಿಮಳ ಇದ್ದರೆ ಸಾಕು, ಜನ ಪನ್ನೀರು ಗುಲಾಬಿ ಎನ್ನುತ್ತಾರೆ. ಆದ್ದರಿಂದ ಹೆಸರು ನಂಬಿ ತರಬೇಡಿ. ನಿಮ್ಮ ಬೀದಿಯಲ್ಲೇ ಯಾರ ಮನೆಯಲ್ಲಾದರೂ ವರ್ಷವಿಡೀ ಹೂ ಬಿಡುವ ಪನ್ನೀರು ಗುಲಾಬಿ ಇದ್ದರೆ, ಅವರನ್ನು ಕೇಳಿ ಒಂದು ಕಡ್ಡಿ ತನ್ನಿ. ಅದಕ್ಕಿಂತ ನಂಬಿಕೆಯ ಗಿಡ ಇನ್ನೊಂದಿಲ್ಲ.

ಇನ್ನು ‘ಹೈಬ್ರಿಡ್ ಟೀ’. ಚೀನಾದಿಂದ ಬಂದ ಒಂದು ಬಗೆಯ ಗುಲಾಬಿಗೆ ಟೀ ರೋಸ್ ಅಂತ ಹೆಸರಾಯಿತು. ಅದರ ವಾಸನೆ ಚಹಾ ಎಲೆಯ ಹಾಗಿದೆ ಎನ್ನುತ್ತಿದ್ದರು. ಅದನ್ನು ಯುರೋಪಿನ ಗಟ್ಟಿ ಗಿಡಗಳ ಜೊತೆ ಬೆರೆಸಿದಾಗ ಹುಟ್ಟಿದ್ದು ಹೈಬ್ರಿಡ್ ಟೀ. 1867ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಗಿಯೋ ಎಂಬುವರು ಬೆಳೆಸಿದ ‘ಲಾ ಫ್ರಾನ್ಸ್’ ಅನ್ನು ಈ ಬಗೆಯ ಮೊದಲ ಗುಲಾಬಿ ಎಂದು ಲೆಕ್ಕ ಹಾಕುತ್ತಾರೆ. ಉದ್ದ ಕಾಂಡ, ತುದಿಗೆ ಒಂದೇ ಹೂ, ಚೂಪು ಮೊಗ್ಗು. ಗುಲಾಬಿ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವ ರೂಪ ಇದೇ.

ಹಳದಿಯ ಬೆಲೆ

ಆಗಿನ ತೋಟದ ಗುಲಾಬಿಗಳಲ್ಲಿ ಕಣ್ಣು ಕುಕ್ಕುವ ಗಾಢ ಹಳದಿ ಇರಲಿಲ್ಲ. ಕಿತ್ತಳೆಯೂ ಇರಲಿಲ್ಲ. ಲಿಯೋನ್ ನಗರದವರೇ ಆದ ಪೆರ್ನೆ ದುಶೆ ಪರ್ಷಿಯಾದ ಹಳದಿ ಗುಲಾಬಿಯನ್ನು ತಂದು ಬೆರೆಸಿದರು. ವರ್ಷಗಟ್ಟಲೆ ಪ್ರಯತ್ನದ ನಂತರ 1900ರಲ್ಲಿ ‘ಸೊಲೇ ದೋರ್’ ಬಂತು. ಹೆಸರಿನ ಅರ್ಥ ಬಂಗಾರದ ಸೂರ್ಯ. ಇವತ್ತಿನ ಗಾಢ ಹಳದಿ, ಕಿತ್ತಳೆ, ಎರಡು ಬಣ್ಣದ ಗುಲಾಬಿಗಳಲ್ಲಿ ಹೆಚ್ಚಿನವು ಆ ಗಿಡದ ಸಂತತಿ.

ಬಣ್ಣದ ಜೊತೆ ಒಂದು ದೌರ್ಬಲ್ಯವೂ ಬಂತು. ಆ ಪರ್ಷಿಯಾದ ಗುಲಾಬಿ ಒಣಸೀಮೆಯದು. ಎಲೆ ಮೇಲೆ ಕಪ್ಪು ಚುಕ್ಕೆ ಮೂಡಿ, ಎಲೆ ಹಳದಿಯಾಗಿ ಉದುರುವ ‘ಕಪ್ಪು ಚುಕ್ಕೆ’ ರೋಗ ತಡೆಯುವ ಶಕ್ತಿ ಅದಕ್ಕಿರಲಿಲ್ಲ. ಅದರ ಮೊಮ್ಮಕ್ಕಳಲ್ಲೂ ಆ ದೋಷ ಉಳಿದುಬಂತು. ನನ್ನ ಕಿತ್ತಳೆ ಗಿಡ ಜುಲೈ ಮಳೆಗೆ ಬೋಳಾದದ್ದು ಇದಕ್ಕೇ. ಹೊಸ ತಳಿಗಳಲ್ಲಿ ಈ ದೋಷ ಎಷ್ಟೋ ಕಡಿಮೆಯಾಗಿದೆ. ಆದರೂ ಹೆಸರಿಲ್ಲದ ಒಂದು ಹಳದಿ ಗಿಡ ಎದುರಿಗಿದ್ದರೆ ನಾನು ಎರಡು ಸಲ ಯೋಚಿಸುತ್ತೇನೆ. ಮಳೆ ಜಾಸ್ತಿ ಇರುವ ಊರಾದರೆ ತರುವುದೇ ಇಲ್ಲ.

ನಿಮ್ಮ ಊರಿನ ಮಳೆ ಎಷ್ಟು?

ಕಪ್ಪು ಚುಕ್ಕೆ ಒಂದು ಶಿಲೀಂಧ್ರ. ಅದು ಎಲೆಯೊಳಗೆ ಇಳಿಯಬೇಕಾದರೆ ಎಲೆ ಮೇಲೆ ಸುಮಾರು ಏಳು ಗಂಟೆ ನೀರು ನಿಂತಿರಬೇಕು. ಈ ಒಂದು ಮಾತು ತಿಳಿದರೆ ಅರ್ಧ ಗುಲಾಬಿ ವಿದ್ಯೆ ಕಲಿತ ಹಾಗೆ. ಸಂಜೆ ಎಲೆ ಮೇಲೆ ನೀರು ಸುರಿಯಬೇಡಿ ಅಂತ ಹೇಳುವುದು ಇದಕ್ಕೇ. ಗಾಳಿಯಾಡುವ ಜಾಗದಲ್ಲಿ ಬಿಡಿಬಿಡಿಯಾಗಿ ನೆಡಿ ಅನ್ನುವುದೂ ಇದಕ್ಕೇ.

ಈಗ ಕರಾವಳಿ, ಮಲೆನಾಡಿನ ಕಡೆ ನೋಡಿ. ಮಂಗಳೂರಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುತ್ತದೆ. ಎಲೆ ಒಣಗಲು ಪುರುಸೊತ್ತೇ ಇಲ್ಲ. ಅಲ್ಲಿ ಎಸಳು ತುಂಬಿದ ದೊಡ್ಡ ಹೂವಿನ ತಳಿಗಳಿಗೆ ಇನ್ನೊಂದು ಕಷ್ಟವೂ ಇದೆ. ಹೊರಗಿನ ಎಸಳು ನೆನೆದು ಅಂಟಿಕೊಂಡು ಮೊಗ್ಗು ಬಿರಿಯದೆ ಹಾಗೇ ಕೊಳೆಯುತ್ತದೆ. ಹಾಗಾಗಿ ಕರಾವಳಿಯವರು ಕಡಿಮೆ ಎಸಳಿನ, ಬೇಗ ಬಿರಿಯುವ, ಗೊಂಚಲು ಹೂವಿನ ಗಿಡಗಳನ್ನು ಆರಿಸುವುದು ಒಳ್ಳೆಯದು. ಎಡ್ವರ್ಡ್, ಬಟನ್ ಗುಲಾಬಿ, ಗಟ್ಟಿಮುಟ್ಟಾದ ಫ್ಲೋರಿಬಂಡಾಗಳು ಅಂಥವು. ದೊಡ್ಡ ಹೂವಿನ ಆಸೆ ಇದ್ದರೆ ಕುಂಡದಲ್ಲಿ ಇಟ್ಟುಕೊಳ್ಳಿ. ಮಳೆಗಾಲಕ್ಕೆ ಬಿಸಿಲು ಬೀಳುವ ಸೂರಿನ ಅಂಚಿಗೆ ಸರಿಸಬಹುದು.

ಬೆಂಗಳೂರು, ಮೈಸೂರು, ಕೋಲಾರದ ಕಡೆಯವರು ಪುಣ್ಯವಂತರು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಸೆಕೆಯೂ ಮಿತ, ಚಳಿಯೂ ಮಿತ. ಹೆಚ್ಚುಕಡಿಮೆ ಎಲ್ಲ ಬಗೆಯ ಗುಲಾಬಿಯನ್ನೂ ಇಲ್ಲಿ ಪ್ರಯತ್ನಿಸಬಹುದು. ಆದರೆ ನವೆಂಬರ್‌ನಿಂದ ಫೆಬ್ರವರಿವರೆಗೆ ಇಲ್ಲಿ ಹಗಲು ಒಣ, ರಾತ್ರಿ ತಂಪು. ಬೂದಿ ರೋಗಕ್ಕೆ ಹೇಳಿ ಮಾಡಿಸಿದ ಹವೆ. ಅದಕ್ಕೆ ಎಲೆ ಮೇಲೆ ನೀರು ಬೇಕಿಲ್ಲ. ಎಳೆ ಚಿಗುರಿನ ಮೇಲೆ ಬಿಳಿ ಪುಡಿ ಚೆಲ್ಲಿದ ಹಾಗೆ ಕಾಣುತ್ತದೆ, ಎಲೆ ಮುದುಡುತ್ತದೆ. ನೋಡುವಾಗ ಗಮನಿಸಿ: ದಪ್ಪ, ಹೊಳೆಯುವ ಎಲೆಯ ಗಿಡಗಳು ಸಾಮಾನ್ಯವಾಗಿ ತೆಳು, ಮೆದು ಎಲೆಯ ಗಿಡಗಳಿಗಿಂತ ಚೆನ್ನಾಗಿ ತಡೆಯುತ್ತವೆ.

ಕಲಬುರಗಿ, ರಾಯಚೂರು, ವಿಜಯಪುರದಲ್ಲಿ ಕಪ್ಪು ಚುಕ್ಕೆಗಿಂತ ಬಿಸಿಲಿನದೇ ದೊಡ್ಡ ಚಿಂತೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಕಡು ಕೆಂಪು ಹೂವಿನ ಎಸಳಿನ ಅಂಚು ಮಧ್ಯಾಹ್ನದ ಬಿಸಿಲಿಗೆ ಸುಟ್ಟು ಕಪ್ಪಾಗುತ್ತದೆ. ತಿಳಿ ಬಣ್ಣದ ಹೂ ಸುಡುವುದಿಲ್ಲ, ಆದರೆ ಥ್ರಿಪ್ಸ್ ಎಂಬ ಸಣ್ಣ ಕೀಟಕ್ಕೆ ಬಿಳಿ, ತಿಳಿ ಹಳದಿ ಎಂದರೆ ಇಷ್ಟ. ಹಾಗಾಗಿ ನಡುವಿನ ಗುಲಾಬಿ ಬಣ್ಣಗಳೇ ಆ ಕಡೆ ನಿಶ್ಚಿಂತೆ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಪೂರ್ವ ದಿಕ್ಕಿನ ಜಾಗ ಹುಡುಕಿ. ಎರೆಮಣ್ಣಿನಲ್ಲಿ ನೀರು ನಿಲ್ಲುತ್ತದೆ, ಗುಲಾಬಿಯ ಬೇರಿಗೆ ಅದು ಆಗದು. ಗುಣಿಗೆ ಮರಳು, ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ಬೆರೆಸಿ ಸ್ವಲ್ಪ ಏರು ಮಾಡಿ ನೆಡಬೇಕು.

ಹೂ ಯಾತಕ್ಕೆ ಬೇಕು?

ಈ ಪ್ರಶ್ನೆಯನ್ನು ಮನೆಯವರೆಲ್ಲ ಕೂತು ಮಾತಾಡಿಕೊಳ್ಳಿ. ಪೂಜೆಗೆ, ಮುಡಿಯಲು ಹೂ ಬೇಕಾದವರು ಹೈಬ್ರಿಡ್ ಟೀ ತಂದು ಬೇಸರ ಮಾಡಿಕೊಂಡದ್ದನ್ನು ನೋಡಿದ್ದೇನೆ. ಒಂದು ಗಿಡ, ಎರಡು ಹೂ. ಅದನ್ನೂ ಕೊಯ್ದರೆ ಗಿಡ ಬೋಳು. ದಿನಾ ನಾಲ್ಕು ಹೂ ಬೇಕು ಅನ್ನುವವರಿಗೆ ಬಿಡಿ ಹೂವಿನ ತಳಿಗಳಿವೆ. ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನಲ್ಲಿ ರಾಶಿ ಹಾಕಿ ಮಾರುವ ಸಣ್ಣ ಕೆಂಪು ಗುಲಾಬಿಗಳ ಬಳಗ ಅದು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಬೆಳೆಸಿದ ಅರ್ಕಾ ಸವಿ, ಅರ್ಕಾ ಪರಿಮಳ ತಳಿಗಳೂ ಬಿಡಿ ಹೂವಿಗೆಂದೇ ಬಂದವು. ನಮ್ಮ ಹವೆಯಲ್ಲೇ ಹುಟ್ಟಿ, ಇಲ್ಲೇ ಪರೀಕ್ಷೆಯಾದ ಗಿಡಗಳು. ಸಿಕ್ಕರೆ ಬಿಡಬೇಡಿ.

ಕಿಟಕಿಯಿಂದ ನೋಡಿದಾಗ ಗಿಡ ತುಂಬಾ ಹೂ ಕಾಣಬೇಕು ಅನ್ನುವವರಿಗೆ ಫ್ಲೋರಿಬಂಡಾ. ಒಂದೊಂದು ಕೊಂಬೆಯ ತುದಿಗೂ ಗೊಂಚಲು. 1958ರಲ್ಲಿ ಜರ್ಮನಿಯ ಕೊರ್ಡೆಸ್ ಮನೆತನದಿಂದ ಬಂದ ‘ಐಸ್‌ಬರ್ಗ್’ ಇವುಗಳಲ್ಲಿ ಲೋಕಪ್ರಸಿದ್ಧ. ಬೆಳ್ಳನೆ ಹೂ, ಮುಳ್ಳು ಕಡಿಮೆ, ಬೆಚ್ಚನೆ ಊರಲ್ಲೂ ನಿಲ್ಲುತ್ತದೆ. ನಮ್ಮ ದೇಶದ್ದೇ ಬೇಕೆಂದರೆ ‘ದೆಹಲಿ ಪ್ರಿನ್ಸೆಸ್’ ಕೇಳಿ ನೋಡಿ. ಅದನ್ನು ಬೆಳೆಸಿದವರು ಬಿ.ಪಿ. ಪಾಲ್. ಗೋಧಿ ವಿಜ್ಞಾನಿ ಅವರು, ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಮೊದಲ ಮಹಾನಿರ್ದೇಶಕರು. ಹೊಟ್ಟೆಗೆ ಗೋಧಿ ಕೊಟ್ಟ ಕೈಯೇ ಇಷ್ಟೊಂದು ಗುಲಾಬಿಯನ್ನೂ ಬೆಳೆಸಿತು ಎಂದು ನೆನೆದಾಗ ನನಗೆ ಈಗಲೂ ಮನಸ್ಸು ತುಂಬುತ್ತದೆ.

ದೊಡ್ಡ ಹೂವೇ ಬೇಕು, ಹೂದಾನಿಯಲ್ಲಿ ಇಡಬೇಕು ಎಂದರೆ ಹೈಬ್ರಿಡ್ ಟೀ ತನ್ನಿ, ತಪ್ಪೇನಿಲ್ಲ. ಆರೈಕೆ ಜಾಸ್ತಿ ಅಂತ ಗೊತ್ತಿದ್ದು ತನ್ನಿ. ಅದೇ ಅಂದಚಂದದ ಜೊತೆ ಗಟ್ಟಿತನವೂ ಬೇಕಾದರೆ 1954ರ ‘ಕ್ವೀನ್ ಎಲಿಜಬೆತ್’ ಇದೆ. ತಿಳಿ ಗುಲಾಬಿ ಬಣ್ಣ, ಆಳೆತ್ತರ ಬೆಳೆಯುತ್ತದೆ. ಗೋಡೆ ಪಕ್ಕಕ್ಕೆ ಚೆನ್ನ. 1977ರ ‘ಡಬಲ್ ಡಿಲೈಟ್’ ಕೆನೆ ಬಣ್ಣದ ಹೂ, ಅಂಚಿಗೆ ಕೆಂಪು, ಒಳ್ಳೇ ಪರಿಮಳ. ಇದರ ಕೆಂಪು ಬಿಸಿಲು ಬಿದ್ದಷ್ಟೂ ಹರಡುತ್ತದೆ. ನೆರಳಲ್ಲಿ ಇಟ್ಟರೆ ಕೆನೆಯಾಗೇ ಉಳಿಯುತ್ತದೆ. ನರ್ಸರಿಯಲ್ಲಿ ಕಂಡ ಬಣ್ಣ ಮನೆಯಲ್ಲಿ ಬರಲಿಲ್ಲ ಅಂತ ಕೊರಗುವವರು ಮೊದಲು ಎಷ್ಟು ಬಿಸಿಲು ಬೀಳುತ್ತದೆ ನೋಡಿ. ಯಾವ ಗುಲಾಬಿಯಾದರೂ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕೇ ಬೇಕು.

ಬಾಲ್ಕನಿಯವರಿಗೆ ಮಿನಿಯೇಚರ್ ಮತ್ತು ಬಟನ್ ಗುಲಾಬಿ. ಎಂಟು–ಹತ್ತು ಇಂಚಿನ ಕುಂಡದಲ್ಲಿ ಬದುಕುತ್ತವೆ. ಹೈಬ್ರಿಡ್ ಟೀಗೆ ಹದಿನಾಲ್ಕು ಇಂಚಾದರೂ ಬೇಕು.

ಪರಿಮಳ ಎಲ್ಲಿ ಹೋಯಿತು?

ಬೊಕೆ ಗುಲಾಬಿ ಮೂಸಿ ನೋಡಿ, ಏನೂ ಬರುವುದಿಲ್ಲ. ಪಾಲಿಹೌಸಿನಲ್ಲಿ ಬೆಳೆಯುವ ಆ ತಳಿಗಳನ್ನು ಆರಿಸುವಾಗ ನೋಡಿದ್ದು ಕಾಂಡದ ಉದ್ದ, ದೂರ ಸಾಗಿಸಿದರೂ ಬಾಡದ ಗುಣ. ಪರಿಮಳವನ್ನು ಯಾರೂ ಕೇಳಲಿಲ್ಲ. ತಲೆಮಾರುಗಳು ಕಳೆದ ಹಾಗೆ ಅದು ಜಾರಿಹೋಯಿತು.

2015ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಎರಡು ಕೆಂಪು ಗುಲಾಬಿಗಳನ್ನು ಹೋಲಿಸಿ ನೋಡಿದರು. ಒಂದು ಗಾಢ ಪರಿಮಳದ ‘ಪಾಪಾ ಮೆಯ್ಯಾನ್’, ಇನ್ನೊಂದು ವಾಸನೆಯೇ ಇಲ್ಲದಂಥ ‘ರೂಜ್ ಮೆಯ್ಯಾನ್’. ಮೊದಲನೆಯದರ ಎಸಳಿನಲ್ಲಿ ಒಂದು ಕಿಣ್ವ ಜೋರಾಗಿ ಕೆಲಸ ಮಾಡುತ್ತಿತ್ತು. ಗುಲಾಬಿಯ ವಾಸನೆಗೆ ಮುಖ್ಯವಾದ ಜೆರಾನಿಯೋಲ್ ತಯಾರಾಗುವುದು ಅದರಿಂದ. ಎರಡನೆಯದರಲ್ಲಿ ಆ ಕೆಲಸ ಹೆಚ್ಚುಕಡಿಮೆ ನಿಂತೇಹೋಗಿತ್ತು. ಅಂದರೆ ವಾಸನೆಯಿಲ್ಲದ ತಳಿಗೆ ನೀವು ಯಾವ ಗೊಬ್ಬರ ಹಾಕಿದರೂ ವಾಸನೆ ಬರುವುದಿಲ್ಲ. ಅದು ಹುಟ್ಟುಗುಣ.

ಪರಿಮಳ ಬೇಕಾದವರು ಗಿಡ ತರುವಾಗ ಮೂಸಿಯೇ ತರಬೇಕು. ಬೆಳಗಿನ ಹೊತ್ತು ಹೋಗಿ, ಅರ್ಧ ಬಿರಿದ ಹೂ ಮೂಸಿ. ಮಧ್ಯಾಹ್ನದ ಬಿಸಿಲಿಗೆ ಒಳ್ಳೆಯ ಹೂವಿನ ವಾಸನೆಯೂ ಹಾರಿಹೋಗಿರುತ್ತದೆ. ಹಳೇ ತಳಿಗಳಲ್ಲಿ 1897ರ ‘ಗ್ರೂಸ್ ಆನ್ ಟೆಪ್ಲಿಟ್ಸ್’ ನನ್ನ ಮೆಚ್ಚಿನದು. ನಾಲಿಗೆ ಹೊರಳದ ಹೆಸರು, ಕಡು ಕೆಂಪು ಹೂ, ಭಾರತದ ಬಿಸಿಲಿಗೆ ಒಗ್ಗಿದ ಗಿಡ. ಹೂ ಸ್ವಲ್ಪ ತಲೆ ಬಾಗಿಸುತ್ತದೆ. ಕೆಲವರಿಗೆ ಅದು ಕೊರತೆ. ನನಗೆ ಹಾಗೇ ಚೆಂದ.

ಒಂದು ಗಿಡ, ಎರಡು ಜೀವ

ಈಗ ಆ ಮುಳ್ಳಿಲ್ಲದ ಚಿಗುರಿಗೆ ಬರೋಣ. ನರ್ಸರಿಯ ಹೆಚ್ಚಿನ ಗುಲಾಬಿ ಕಸಿ ಮಾಡಿದ್ದು. ಕೆಳಗೆ ಗಟ್ಟಿ ಬೇರಿನ ಒಂದು ಕಾಡು ಗುಲಾಬಿ, ಮೇಲೆ ನಮಗೆ ಬೇಕಾದ ತಳಿಯ ಕಣ್ಣು. ಹೈಬ್ರಿಡ್ ಟೀಗಳ ಸ್ವಂತ ಬೇರು ಅನೇಕ ಸಲ ಬಡಕಲು, ಅದಕ್ಕೆ ಈ ಊರುಗೋಲು. ನಮ್ಮ ಕಡೆ ಬೇರುಸಸಿಯಾಗಿ ಬಳಸುವುದು ಜಾಸ್ತಿ ಮಲ್ಟಿಫ್ಲೋರಾ ಎಂಬ ಕಾಡು ಗುಲಾಬಿ. ಮೇಲಿನ ತಳಿ ಬಳಲಿದಾಗ ಕೆಳಗಿನದು ತಾನೇ ಚಿಗುರುತ್ತದೆ. ನಾನು ಗೊಬ್ಬರ ಹಾಕಿ ಸಾಕಿದ್ದು ಅದನ್ನು.

ಕಸಿಯ ಗಂಟಿನ ಕೆಳಗಿಂದ ಯಾವ ಚಿಗುರು ಬಂದರೂ ಬುಡಕ್ಕೆ ಕಿತ್ತುಹಾಕಿ. ಕತ್ತರಿಸಿದರೆ ಮತ್ತೆ ಬರುತ್ತದೆ, ಕೀಳಬೇಕು. ಏಳು ಎಲೆ ಇದ್ದರೆ ಕಾಡು, ಐದಿದ್ದರೆ ಒಳ್ಳೆಯದು ಅಂತ ಒಂದು ಮಾತಿದೆ. ಅದನ್ನು ಪೂರ್ತಿ ನಂಬಬೇಡಿ. ಒಳ್ಳೇ ತಳಿಗಳಲ್ಲೂ ಏಳು ಎಲೆ ಬರುತ್ತದೆ. ಚಿಗುರು ಗಂಟಿನ ಮೇಲೋ ಕೆಳಗೋ ಅಂತ ಮಣ್ಣು ಸರಿಸಿ ನೋಡುವುದೇ ಸರಿಯಾದ ಪರೀಕ್ಷೆ.

ಎಡ್ವರ್ಡ್, ಬಟನ್, ಗ್ರೂಸ್ ಆನ್ ಟೆಪ್ಲಿಟ್ಸ್‌ನಂಥವು ಕಡ್ಡಿಯಿಂದಲೇ ಬೇರುಬಿಡುತ್ತವೆ. ಸ್ವಂತ ಬೇರಿನ ಗಿಡದಲ್ಲಿ ಈ ತಾಪತ್ರಯವೇ ಇಲ್ಲ. ಹೊಸಬರಿಗೆ ನಾನು ಮೊದಲು ಇವನ್ನೇ ಹೇಳುವುದು.

ಇನ್ನೊಂದು ಮಾತು ಹೇಳಲೇಬೇಕು. ಆನ್‌ಲೈನಿನಲ್ಲಿ ನೀಲಿ ಗುಲಾಬಿ, ಕಾಮನಬಿಲ್ಲಿನ ಗುಲಾಬಿ ಅಂತ ಬೀಜದ ಪೊಟ್ಟಣ ಮಾರುತ್ತಾರೆ. ತರಬೇಡಿ. ಅಚ್ಚ ನೀಲಿಗೆ ಬೇಕಾದ ಬಣ್ಣದ ವಸ್ತು ಗುಲಾಬಿಯಲ್ಲಿ ಇಲ್ಲ. 1964ರ ‘ಬ್ಲೂ ಮೂನ್’ ಹೆಸರಿಗೆ ನೀಲಿ, ಹೂ ತಿಳಿ ನೇರಳೆ. ಜಪಾನಿನ ಸನ್‌ಟೋರಿ ಕಂಪನಿ ಬೇರೆ ಹೂವಿನ ಜೀನ್ ಸೇರಿಸಿ ಬೆಳೆಸಿದ ಗುಲಾಬಿಯೂ ನೇರಳೆ ಛಾಯೆಯದೇ. ಮೇಲಾಗಿ ಗುಲಾಬಿಯ ಬೀಜ ಬಿತ್ತಿದರೆ ತಾಯಿಯ ಹಾಗೆ ಹೂ ಬರುವುದಿಲ್ಲ. ಅದಕ್ಕೇ ಕಸಿ, ಕಡ್ಡಿ.

ತರುವ ದಿನ

ಮಳೆ ಹಿಂದೆ ಸರಿಯುವ ಅಕ್ಟೋಬರ್–ನವೆಂಬರ್ ಒಳ್ಳೇ ಕಾಲ. ಆದರೆ ಆರಿಸಲು ನಾನು ಆಗಸ್ಟಿನಲ್ಲೇ ಒಮ್ಮೆ ನರ್ಸರಿ ಸುತ್ತಿ ಬರುತ್ತೇನೆ. ಮಳೆಯಲ್ಲಿ ಯಾವ ಗಿಡ ಎಲೆ ಉಳಿಸಿಕೊಂಡಿದೆ ಅಂತ ಆಗ ಕಾಣುತ್ತದೆ. ಹೆಸರು ಗುರುತು ಹಾಕಿಕೊಂಡು ಬರುತ್ತೇನೆ. ಬೆಂಗಳೂರಿನವರು ಲಾಲ್‌ಬಾಗಿನ ಗುಲಾಬಿ ತೋಟವನ್ನೂ ಹಾಗೇ ನೋಡಬಹುದು.

ಕೊಳ್ಳುವಾಗ ದೊಡ್ಡ ಹೂವಿರುವ ಗಿಡ ಬಿಟ್ಟು, ಬುಡದಿಂದ ಮೂರು ಗಟ್ಟಿ ಕೊಂಬೆ ಹೊರಟಿರುವ ಗಿಡ ಎತ್ತಿಕೊಳ್ಳಿ. ಕೆಳಗಿನ ಎಲೆ ಹಸಿರಾಗಿರಲಿ. ಎಲೆ ತಿರುಗಿಸಿ ನೋಡಿ, ಹಿಂದೆ ಸಣ್ಣ ಬಲೆಯಿದ್ದರೆ ಕೆಂಪು ನುಸಿ ಇದೆ ಎಂದರ್ಥ. ಕಸಿಯ ಗಂಟು ಗಟ್ಟಿಯಾಗಿ ಕೂಡಿರಬೇಕು. ಹೆಸರು ಹೇಳದವರ ಹತ್ತಿರ ಅಗ್ಗದ ಗಿಡ ತರಬಹುದು, ಆಸೆಯಿಂದ ಕಾಯುವ ಗಿಡ ಬೇಡ.

ಮನೆಗೆ ತಂದ ದಿನವೇ ಕುಂಡ ಬದಲಿಸಬೇಡಿ. ಒಂದು ವಾರ ಅರೆ ನೆರಳಲ್ಲಿ ಇಟ್ಟು, ಆಮೇಲೆ ನೆಡಿ. ಕಸಿಯ ಗಂಟು ಮಣ್ಣಿನಿಂದ ಮೇಲೆ ಇರಲಿ. ಇರುವ ಮೊಗ್ಗುಗಳನ್ನು ಚಿವುಟಿಬಿಡಿ. ಕೈ ಬರುವುದಿಲ್ಲ, ನನಗೂ ಬರುವುದಿಲ್ಲ. ಆದರೆ ಆ ತಿಂಗಳು ಗಿಡಕ್ಕೆ ಹೂವಿಗಿಂತ ಬೇರು ಮುಖ್ಯ. ಸವರಿದ ಗುಲಾಬಿ ಮತ್ತೆ ಹೂವಿಗೆ ಬರಲು ಸುಮಾರು 45 ದಿನ ಬೇಕು. ದೀಪಾವಳಿಯ ಆಸುಪಾಸಿನಲ್ಲಿ ನೆಟ್ಟು ಚಿವುಟಿದರೆ, ಸಂಕ್ರಾಂತಿಗೆ ಎಳ್ಳು ಬೀರುವ ತಟ್ಟೆಯಲ್ಲಿ ಇಡಲು ಹೂ ಸಿಗುತ್ತದೆ.